ಅಮೆಜಾನ್ ಎಸ್‌3: ಸಂಸ್ಥೆಗಳಿಗೆ ಒಪ್ಪುವ ಸಂಗ್ರಹ ಸೇವೆ, ಬಿಲ್ ಮೇಲೆ ಮಾತ್ರ ಕಣ್ಣಿರಲಿ

ಕ್ಲೌಡ್‌ಗೆ ಮೊದಲ ಹೆಜ್ಜೆ ಇಡುವ ಸಂಸ್ಥೆ ಯಾವ ಸೇವೆಯಿಂದ ಆರಂಭಿಸಬೇಕು ಎಂದು ಕೇಳಿದವರಿಗೆ ನಾನು ಅಮೆಜಾನ್‌ನ ಎಸ್‌3 ಹೆಸರನ್ನೇ ಹೇಳುತ್ತೇನೆ. 2006ರ ಮಾರ್ಚ್‌ನಲ್ಲಿ ಶುರುವಾದ ಈ ಸಂಗ್ರಹ ಸೇವೆಯಲ್ಲಿ ಕ್ಲೌಡ್ ಕಂಪ್ಯೂಟಿಂಗ್‌ನ ತಿರುಳು ನೇರವಾಗಿ ಕಾಣುತ್ತದೆ: ಯಂತ್ರಗಳನ್ನು ಕೊಂಡು ನೋಡಿಕೊಳ್ಳುವ ಹೊಣೆ ಬೇರೆಯವರದು, ನಾವು ಅಂತರ್ಜಾಲದ ಮೂಲಕ ಬೇಕಾದಷ್ಟು ಜಾಗ ಬಳಸಿ, ಬಳಸಿದಷ್ಟಕ್ಕೆ ಹಣ ಕೊಡುತ್ತೇವೆ. ಮುಂದಿನ ನಾಲ್ಕೈದು ವರ್ಷಗಳ ಅಗತ್ಯವನ್ನು ಇಂದೇ ಊಹಿಸಿ, ಅರ್ಧ ಖಾಲಿಯೇ ಉಳಿಯಬಹುದಾದ ಡಿಸ್ಕ್‌ಗಳಿಗೆ ಬಂಡವಾಳ ಹೂಡುವ ಕಷ್ಟ ಇಲ್ಲಿಲ್ಲ. ಸಣ್ಣ ಸಂಸ್ಥೆಗಳಿಗೆ ಇದೇ ಎಲ್ಲಕ್ಕಿಂತ ದೊಡ್ಡ ಲಾಭವೆಂದು ನನ್ನ ಅಭಿಪ್ರಾಯ.

ಸೇವೆಯ ನಿಜವಾದ ಬಲ ಇರುವುದು ದತ್ತಾಂಶದ ಬಾಳಿಕೆಯಲ್ಲಿ. ಸಾಮಾನ್ಯ ವರ್ಗದಲ್ಲಿ ಇಟ್ಟ ಫೈಲನ್ನು ಒಂದೇ ಪ್ರದೇಶದೊಳಗಿನ ಕನಿಷ್ಠ ಮೂರು ಪ್ರತ್ಯೇಕ ವಲಯಗಳಲ್ಲಿ, ಅಂದರೆ ಬೇರೆ ಬೇರೆ ದತ್ತಾಂಶ ಕೇಂದ್ರಗಳಲ್ಲಿ, ಉಳಿಸಲಾಗುತ್ತದೆ. ಬಾಳಿಕೆಯ ಗುರಿಯನ್ನು ಕಂಪನಿ ಶೇ 99.999999999 ಎಂದು ಹೇಳಿಕೊಳ್ಳುತ್ತದೆ. ಆದರೆ ಈ ಅಂಕಿ ಡಿಸ್ಕ್ ಕೆಡುವುದರಿಂದ ಕಾಪಾಡುತ್ತದೆಯೇ ಹೊರತು, ನಮ್ಮದೇ ಸಿಬ್ಬಂದಿ ತಪ್ಪಿ ಅಳಿಸಿದ ಫೈಲನ್ನಲ್ಲ. ಅದಕ್ಕೆ ಫೈಲಿನ ಹಳೆಯ ಆವೃತ್ತಿಗಳನ್ನೂ ಉಳಿಸಿಡುವ ವರ್ಷನಿಂಗ್ ಎಂಬ ಸೌಲಭ್ಯವನ್ನು ನಾವೇ ಚಾಲೂ ಮಾಡಬೇಕು. ಆಮೇಲೆ ಯಾರಾದರೂ ಫೈಲ್ ಅಳಿಸಿದರೆ ಅದು ಪಟ್ಟಿಯಿಂದ ಮರೆಯಾಗುತ್ತದೆ, ಅದರ ಮೇಲೆ ಅಳಿಸಿದ ಗುರುತೊಂದು ಕೂರುತ್ತದೆ. ಆ ಗುರುತನ್ನು ತೆಗೆದುಹಾಕಿದರೆ ಫೈಲ್ ಮೊದಲಿನಂತೆಯೇ ಮರಳುತ್ತದೆ. ಇಷ್ಟು ಉಪಯುಕ್ತವಾದ ಸೌಲಭ್ಯ ಮೊದಲಿನಿಂದಲೇ ಚಾಲೂ ಇರದಿರುವುದು ನನಗೆ ಸರಿಕಾಣುವುದಿಲ್ಲ.

ಭದ್ರತೆಯ ವಿಷಯದಲ್ಲಿ ಸುಧಾರಣೆಯಾಗಿದೆ. 2023ರಿಂದ ಹೊಸ ಫೈಲ್‌ಗಳು ತಾವಾಗಿಯೇ ಎನ್‌ಕ್ರಿಪ್ಟ್ ಆಗುತ್ತವೆ, ಅಂದರೆ ಕೀಲಿ ಇಲ್ಲದವರು ಓದಲಾಗದ ಸಂಕೇತರೂಪಕ್ಕೆ ಬದಲಾಗುತ್ತವೆ; ಫೈಲ್‌ಗಳನ್ನು ಇಡುವ ಹೊಸ ಬಕೆಟ್‌ಗಳಿಗೆ ಸಾರ್ವಜನಿಕ ಪ್ರವೇಶ ಮುಚ್ಚಿಯೇ ಇರುತ್ತದೆ.

ದೂರು ಇರುವುದು ಬಿಲ್ ಬಗ್ಗೆ. ಸಂಗ್ರಹಕ್ಕೆ ಒಂದು ದರ, ಪ್ರತಿ ಕೋರಿಕೆಗೆ ಇನ್ನೊಂದು, ದತ್ತಾಂಶವನ್ನು ಹೊರಗೆ ಇಳಿಸಿಕೊಳ್ಳುವುದಕ್ಕೆ ಮತ್ತೊಂದು. ಒಳಗೆ ಹಾಕಲು ಶುಲ್ಕವಿಲ್ಲದ ಕಾರಣ ಕೊನೆಯದು ಆರಂಭದಲ್ಲಿ ಗಮನಕ್ಕೇ ಬರುವುದಿಲ್ಲ. ಹಳೆಯ ಆವೃತ್ತಿಗಳಿಗೂ ಹಣ ಬೀಳುತ್ತದೆ. ದೊಡ್ಡ ಫೈಲನ್ನು ತುಂಡುತುಂಡಾಗಿ ಕಳುಹಿಸುವಾಗ ಕೆಲಸ ಅರ್ಧಕ್ಕೆ ನಿಂತರೆ, ಅದಾಗಲೇ ತಲುಪಿದ ತುಂಡುಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣದಿದ್ದರೂ ಬಿಲ್‌ನಲ್ಲಿ ಸೇರುತ್ತಲೇ ಇರುತ್ತವೆ. ಇಂಥವನ್ನು ಇಂತಿಷ್ಟು ದಿನಗಳ ನಂತರ ತಾನಾಗಿ ಅಳಿಸುವ ಲೈಫ್‌ಸೈಕಲ್ ನಿಯಮವನ್ನು ಬಕೆಟ್ ತೆರೆದ ದಿನವೇ ಬರೆದಿಡುವುದು ಒಳ್ಳೆಯದು. ಹಳೆಯ ದಾಖಲೆಗಳನ್ನು ಡೀಪ್ ಆರ್ಕೈವ್ ವರ್ಗಕ್ಕೆ ಸರಿಸಿದರೆ ಸಂಗ್ರಹದ ವೆಚ್ಚ ಬಹಳ ಇಳಿಯುತ್ತದೆ. ಆದರೆ ಅಲ್ಲಿಂದ ಫೈಲ್ ಹಿಂಪಡೆಯಲು 12 ಗಂಟೆವರೆಗೆ, ಅಗ್ಗದ ವಿಧಾನ ಆರಿಸಿದರೆ 48 ಗಂಟೆವರೆಗೆ ಕಾಯಬೇಕಾಗಬಹುದು, ಮತ್ತು ಕನಿಷ್ಠ 180 ದಿನಗಳ ಶುಲ್ಕ ತಪ್ಪುವುದಿಲ್ಲ.

ಸೇವೆ ಎಂದೂ ನಿಲ್ಲುವುದಿಲ್ಲ ಎಂದು ನಂಬಿ ಕೂರುವಂತಿಲ್ಲ. 2017ರ ಫೆಬ್ರವರಿ 28ರಂದು ಉತ್ತರ ವರ್ಜೀನಿಯಾ ಪ್ರದೇಶದಲ್ಲಿ ನಿರ್ವಹಣೆಯ ವೇಳೆ ಆದೇಶವೊಂದನ್ನು ತಪ್ಪಾಗಿ ನಮೂದಿಸಿದ್ದರಿಂದ ಬೇಕಾದುದಕ್ಕಿಂತ ಹೆಚ್ಚು ಸರ್ವರ್‌ಗಳು ಸೇವೆಯಿಂದ ಹೊರಬಿದ್ದು, ಅದನ್ನು ನೆಚ್ಚಿದ್ದ ಅಸಂಖ್ಯ ಜಾಲತಾಣಗಳು ಹಲವು ಗಂಟೆ ಸ್ತಬ್ಧವಾದವು. ಒಂದು ತಾಸು ನಿಂತರೂ ನಷ್ಟವಾಗುವ ಕೆಲಸವಿದ್ದರೆ ಮತ್ತೊಂದು ಪ್ರದೇಶದಲ್ಲಿಯೂ ಪ್ರತಿ ಇಡಬೇಕು, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬ್ಯಾಕಪ್, ಹಳೆಯ ಕಡತಗಳು, ವಿಶ್ಲೇಷಣೆಗೆಂದು ಕೂಡಿಡುವ ದತ್ತಾಂಶ ಇವುಗಳಿಗೆ ಎಸ್‌3ಯನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ದಿನವಿಡೀ ಸಾವಿರಾರು ಜನರಿಗೆ ದೊಡ್ಡ ವಿಡಿಯೋಗಳನ್ನು ತಲುಪಿಸುವ ಸಂಸ್ಥೆಗಳು ಮಾತ್ರ ಹೊರಹರಿವಿನ ಶುಲ್ಕವನ್ನು ಇತರ ಸೇವೆಗಳ ದರದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಖಾತೆ ತೆರೆಯಲಿ.