ಹುತ್ತರಿ ಹೊತ್ತಿನ ಕಾವೇರಿಗೆ ಯಾವ ಲೂರ್? ಜರ್ಕ್‌ಬೈಟಾ, ಸ್ಪೂನಾ?

ತುಲಾ ಸಂಕ್ರಮಣ ಕಳೆದ ಮೇಲೆ ಕಾವೇರಿಯ ಕೆಂಪು ನಿಧಾನವಾಗಿ ಇಳಿಯುತ್ತದೆ. ಹುತ್ತರಿ ಹತ್ತಿರ ಬರುವಾಗ ಸೊಂಟದಾಳದಲ್ಲೂ ಕಲ್ಲು ಕಾಣುತ್ತದೆ, ಬೆಳಿಗ್ಗೆ ನೀರಿಗೆ ಕಾಲಿಟ್ಟರೆ ಮೈ ಜುಂ ಅನ್ನುತ್ತದೆ. ಲೂರ್, ಅಂದರೆ ಗಾಳಕ್ಕೆ ಕಟ್ಟುವ ಕೃತಕ ಎರೆ, ಹಾಕಲು ನನಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ, ಕಾಫಿ ಕೊಯ್ಲು ಜೋರಾದರೆ ಮತ್ತೆ ಪುರುಸೊತ್ತೂ ಸಿಗುವುದಿಲ್ಲ. ಎರಡು ಸೀಸನ್ ಕೊಡಗಿನ ವಾಲ್ನೂರು ಕಡೆ, ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ತಗೊಂಡು, ಒಂದೇ ಜಾಗದಲ್ಲಿ ಮೂರು ಥರದ್ದು ಹಾಕಿ ನೋಡಿದೆ: ಪುಟ್ಟ ಮೀನಿನಾಕಾರದ ತೇಲುವ ಮಿನ್ನೋ, ನೀರಿನ ಮಧ್ಯೆ ನಿಲ್ಲುವ ಜರ್ಕ್‌ಬೈಟ್, ಚಮಚದ ಬಟ್ಟಲಿನಂಥ ಹಿತ್ತಾಳೆ ಸ್ಪೂನ್. ಹುಡುಕಿದ್ದು ಬಿಳಿ ಮೀನನ್ನು, ಅಂದರೆ ಮಹಶೀರ್. ಸಿಕ್ಕಿದ್ದೆಲ್ಲ ವಾಪಸ್ ನೀರಿಗೆ.

ಜರ್ಕ್‌ಬೈಟ್ ಅಮೆರಿಕದಲ್ಲಿ ಬಾಸ್ ಅನ್ನುವ ಮೀನು ಹಿಡಿಯುವವರಿಗೆ ತುಂಬಾ ಇಷ್ಟದ್ದು. ತೆಳ್ಳಗೆ ಉದ್ದಕ್ಕೆ ಮೀನಿನ ಆಕಾರ, ಮೂತಿಯಲ್ಲಿ ಸಣ್ಣ ತುಟಿ. ರಾಡ್, ಅಂದರೆ ಗಾಳದ ಕೋಲಿನ ತುದಿಯನ್ನು ಕೆಳಕ್ಕೆ ಎರಡು ಸಲ ಜಗ್ಗಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ಅಲ್ಲೇ ನಿಂತುಬಿಡುತ್ತದೆ. ನೀರು ತಣ್ಣಗಾದಂತೆ ಬಾಸ್ ಮಂಕಾಗುತ್ತದೆ, ಅಟ್ಟಿಸಿಕೊಂಡು ಬರುವುದಿಲ್ಲ, ಅದಕ್ಕೇ ಐದು ಸೆಕೆಂಡ್, ಹತ್ತು ಸೆಕೆಂಡ್ ನಿಲ್ಲಿಸಿ ಕಾಯಿರಿ ಅನ್ನುತ್ತಾರೆ. ನಾನೂ ಹಾಗೇ ಕಾದೆ. ಮೊದಲ ಸೀಸನ್ ಪೂರ್ತಿ ಒಂದು ಮೀನೂ ಮುಟ್ಟಲಿಲ್ಲ.

ಆಮೇಲೆ ಹೊಳೆಯಿತು. ಅವರದ್ದು ಹೆಚ್ಚಾಗಿ ಜಲಾಶಯದ ನಿಂತ ನೀರು, ಚಳಿ ಬಂದರೆ ಹತ್ತು ಡಿಗ್ರಿಗೂ ಇಳಿಯುತ್ತದೆ. ನಮ್ಮದು ಹರಿಯುವ ನೀರು, ಥರ್ಮಾಮೀಟರ್ ಇಳಿಬಿಟ್ಟರೆ ಬೆಳಿಗ್ಗೆ ಏಳು ಗಂಟೆಗೂ 21 ಡಿಗ್ರಿ. ಮೀನು ಮಂಕಾಗಿರಲಿಲ್ಲ. ನಾನು ಹತ್ತು ಎಣಿಸುವಷ್ಟರಲ್ಲಿ ಲೂರ್ ಮಡು ದಾಟಿ ಹೋಗಿ, ದಾರ ಸಡಿಲವಾಗಿ ಬಿದ್ದಿರುತ್ತಿತ್ತು. ಎರಡನೇ ಸೀಸನ್‌ನಲ್ಲಿ ಹರಿವಿನ ಮೇಲ್ಗಡೆಗೆ, ಓರೆಯಾಗಿ ಎಸೆದು, ಲೂರ್ ಬಂಡೆಯ ಹಿಂದಿನ ನಿಧಾನ ನೀರಿಗೆ ಬಂದಾಗ ಮಾತ್ರ ಜಗ್ಗಿದೆ. ಜಗ್ಗು, ಜಗ್ಗು, ಒಂದೇ ಸೆಕೆಂಡ್ ನಿಲ್ಲಿಸು, ದಾರ ಸ್ವಲ್ಪ ಬಿಗಿಯಾಗೇ ಇರಲಿ. ಮೂರನೇ ಬೆಳಿಗ್ಗೆ ಆ ಒಂದು ಸೆಕೆಂಡಿನಲ್ಲೇ ರಾಡ್ ಹಿಡಿಯವರೆಗೆ ಬಾಗಿ ರೀಲ್ ಕಿರುಚಿತು. ದಡಕ್ಕೆ ತರಲು ಅರ್ಧ ಗಂಟೆ ಬೇಕಾಯಿತು. ಬೆನ್ನು ಹಸಿರು ಕಂಚು, ಒಂದೊಂದು ಹುರುಪೆಯೂ ಹಳೇ ರೂಪಾಯಿ ನಾಣ್ಯದಷ್ಟು. ಹರಿವಿಗೆ ಎದುರಾಗಿ ಮುಖ ಮಾಡಿಸಿ ಹಿಡಿದುಕೊಂಡೆ, ಉಸಿರು ಸರಿಯಾಗಿ ಅದೇ ಬಾಲ ಬೀಸಿ ಹೋಗುವ ತನಕ ಕೈ ಬಿಡಲಿಲ್ಲ.

ಸ್ಪೂನ್ ವಿಷಯವೇ ಬೇರೆ. ದೂರ ಹೋಗುತ್ತದೆ, ಬಿಳಿ ನೊರೆಯ ಓಟದ ನೀರಿನಲ್ಲೂ ಕೆಳಗಿಳಿದು ಮಿಂಚುತ್ತದೆ, ಅಲ್ಲಿ ಜರ್ಕ್‌ಬೈಟ್ ಸುಮ್ನೆ ಮೇಲಕ್ಕೆ ಎದ್ದು ಒದ್ದಾಡುತ್ತದೆ. ಓಟದಲ್ಲಿ ಸ್ಪೂನೇ ಗೆದ್ದಿತು, ಅನುಮಾನವೇ ಇಲ್ಲ. ಆದರೆ ಮಡುವಿನಲ್ಲಿ ನಿಲ್ಲಿಸಿದ ಕ್ಷಣ ತಳಕ್ಕೆ ಹೋಗಿ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ಕಳೆದುಕೊಂಡೆ.

ತೇಲುವ ಮಿನ್ನೋ, ಫಿನ್ಲೆಂಡಿನ ಲೌರಿ ರಾಪಾಲ 1936ರಲ್ಲಿ ಕೈಯಲ್ಲಿ ಕೆತ್ತಿದ ಜಾತಿಯದ್ದು, ಮೊಣಕಾಲಾಳದ ಜಾಗಕ್ಕೆ ಚೆಂದ. ಸಿಕ್ಕಿಕೊಂಡರೂ ದಾರ ಬಿಟ್ಟರೆ ತಾನೇ ತೇಲಿ ಬರುತ್ತದೆ. ತಣ್ಣನೆ ಬೆಳಿಗ್ಗೆ ದೊಡ್ಡ ಮೀನು ಆಳ ಬಿಟ್ಟು ಬರಲಿಲ್ಲ, ಅದಕ್ಕೆ ಸಿಕ್ಕಿದ್ದು ಮರಿಗಳೇ ಜಾಸ್ತಿ.

ಕೊಕ್ಕೆ ಬಗ್ಗೆ ಹೇಳಲೇಬೇಕು. ಲೂರ್ ಜೊತೆ ಬರುವ ಮೂರು ಮೊನೆಯ ಕೊಕ್ಕೆ ತೆಗೆದುಬಿಡಿ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ, ಕೊಕ್ಕೆಗೆ ಯಾವುದು ಬೀಳುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ ಅಲ್ವಾ? ನಾನು ಮೊನೆಯ ಹಿಮ್ಮುಳ್ಳು ಒತ್ತಿ ಚಪ್ಪಟೆ ಮಾಡಿದ ಒಂಟಿ ಕೊಕ್ಕೆ ಹಾಕುತ್ತೇನೆ. ತೂಕ ಕಡಿಮೆಯಾಗಿ ಜರ್ಕ್‌ಬೈಟ್ ಮೇಲೇಳಲು ಶುರು ಮಾಡಿತು, ಕೊಕ್ಕೆಯ ಕಾಲಿಗೆ ತೆಳು ಸೀಸದ ತಂತಿ ಸುತ್ತಿದೆ. ಮನೆಯಲ್ಲಿ ಬಚ್ಚಲ ಬಕೆಟ್ಟಿನ ಉಗುರು ಬೆಚ್ಚಗಿನ ನೀರಿನಲ್ಲಿ ಸರಿಯಾಗಿ ನಿಂತದ್ದು ಹೊಳೆಯಲ್ಲಿ ಮತ್ತೆ ಮೇಲೆ ಬಂತು. ತಣ್ಣೀರು ಹೆಚ್ಚು ಸಾಂದ್ರ, ಲೂರನ್ನು ಜಾಸ್ತಿ ಎತ್ತುತ್ತದೆ. ಹಾಗಾಗಿ ತಂತಿ ಸುತ್ತುವ ಕೆಲಸ ಈಗ ದಡದಲ್ಲೇ, ಕಾಲ ಬುಡದ ನೀರಿನಲ್ಲಿ ಬಿಟ್ಟು ನೋಡಿಕೊಂಡು.

ಈ ಸಲ ಡಬ್ಬಿಯಲ್ಲಿ ಎರಡು ಜರ್ಕ್‌ಬೈಟ್, ಆರು ಸ್ಪೂನ್. ತೇಲುವ ಮಿನ್ನೋ ಮನೆಯಲ್ಲೇ ಇದೆ, ಬೇಸಿಗೆಯಲ್ಲಿ ನೀರು ಇಳಿದಾಗ ತೆಗೆಯುತ್ತೇನೆ.