ಅಡುಗೆಮನೆ ಕಪಾಟಿನ ಬಾಗಿಲಿಗೆ ಯಾವುದು: ಲ್ಯಾಮಿನೇಟ್, ಅಕ್ರಿಲಿಕ್, ಪಿಯು ಪೇಂಟ್?

ಖರ್ಚು ಹಿಡಿತದಲ್ಲಿರಬೇಕು ಅಂದರೆ ಲ್ಯಾಮಿನೇಟ್. ಪಿಯು (ಪಾಲಿಯುರೆಥೇನ್ ಬಣ್ಣ) ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ, ಅಕ್ರಿಲಿಕ್ (ಹಲಗೆಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ನಡುವೆ.

ಬಾಳಿಕೆ ನೋಡುವಾಗ ಮೇಲ್ಮೈಗಿಂತ ಅಂಚನ್ನು ನೋಡಿ. ಸಿಂಕ್ ಕೆಳಗಿನ ಬಾಗಿಲಿನ ಅಂಚಿಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ: ಅಂಚು ಮುಚ್ಚಲು ಅಂಟಿಸಿದ ಪಟ್ಟಿ ಎದ್ದಲ್ಲಿ ನೀರು ಇಳಿದು ಒಳಗಿನ ಹಲಗೆ ಉಬ್ಬುತ್ತದೆ. ಲ್ಯಾಮಿನೇಟ್, ಅಕ್ರಿಲಿಕ್ ಎರಡಕ್ಕೂ ಈ ಕಾಟ ಇದೆ. ಪಿಯುಗೆ ಅಂಟಿಸಿದ ಪಟ್ಟಿಯೇ ಇಲ್ಲ, ಆದರೆ ಪಾತ್ರೆ ತಗುಲಿದರೆ ಬಣ್ಣ ಚಕ್ಕೆ ಏಳಬಹುದು.

ಹೊಳೆಯುವ ಅಕ್ರಿಲಿಕ್ ಕತ್ತಲೆ ಅಡುಗೆಮನೆಗೆ ಬೆಳಕು ತರುತ್ತದೆ. ಬೆರಳಚ್ಚು ಮಾತ್ರ ಜಾಸ್ತಿ ಕಾಣುತ್ತದೆ, ದಿನಾ ಒರೆಸಬೇಕು. ಪುಟ್ಟ ಮಕ್ಕಳಿದ್ದರೆ ನಾನಂತೂ ಮ್ಯಾಟ್ ಲ್ಯಾಮಿನೇಟ್ ಅನ್ನುತ್ತೇನೆ.

ಚೌಕಟ್ಟು ಕೆತ್ತಿದ ಹಳೇ ಶೈಲಿಯ ಬಾಗಿಲು ಬೇಕಾ? ಆಗ ಪಿಯು. ತಗ್ಗುಗಳಲ್ಲೂ ಬಣ್ಣ ಚೆನ್ನಾಗಿ ಕೂರುತ್ತದೆ.