ಹಡಿಲು ಗದ್ದೆಯಲ್ಲಿ ವಿದ್ಯಾರ್ಥಿಗಳ ತರಕಾರಿ: 14 ವಾರಗಳ ಪಾಲಿನ ಅನುಭವ

ಉಡುಪಿಯ ಹೊರವಲಯದಲ್ಲಿ ವರ್ಷಗಳಿಂದ ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ಗದ್ದೆಯನ್ನು ಕಾಲೇಜು ವಿದ್ಯಾರ್ಥಿಗಳ ಗುಂಪೊಂದು ಗದ್ದೆಯ ಒಡೆಯರ ಮನೆಯವರಿಂದ ಕೇಳಿ ಪಡೆದು, ಮಳೆಗಾಲದಲ್ಲಿ ಏಣೆಲು ಎಂಬ ಮೊದಲ ಬೆಳೆಯ ಭತ್ತವನ್ನೂ ಅದರ ಕೊಯ್ಲಿನ ಬಳಿಕ ತರಕಾರಿಯನ್ನೂ ಬೆಳೆಯುತ್ತಿದೆ. ಭತ್ತ ತೆಗೆದ ಗದ್ದೆಯಲ್ಲಿ ತರಕಾರಿ ಹಾಕುವುದು ನಮ್ಮ ಕರಾವಳಿಗೆ ಹೊಸತಲ್ಲ. ಹೊಸತಾಗಿರುವುದು ಹಣದ ಕ್ರಮ. ಬಿತ್ತನೆಗೆ ಮೊದಲೇ, ಅಕ್ಟೋಬರಿನಲ್ಲಿ, ಸೇರುವ ಪ್ರತಿ ಮನೆಯೂ ವಾರಕ್ಕೊಂದು ಚೀಲ ತರಕಾರಿಯಂತೆ 14 ವಾರಗಳ ಪಾಲಿಗೆ 3,500 ರೂಪಾಯಿ ಕೊಡಬೇಕು. ಬೆಳೆ ಕೈಹಿಡಿದರೆ ಚೀಲ ತುಂಬುತ್ತದೆ, ಅಕಾಲದ ಮಳೆಗೆ ಕೊಳೆತರೆ ಆ ನಷ್ಟವೂ ಎಲ್ಲ ಮನೆಗಳಿಗೆ ಹಂಚಿಹೋಗುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಬೇರೂರಿದ ಈ ಪದ್ಧತಿಯಲ್ಲಿ ಗ್ರಾಹಕನು ತೂಕಕ್ಕೆ ದುಡ್ಡು ಕೊಡುವವನಲ್ಲ, ಬೆಳೆಯ ಪಾಲುದಾರ. ಸೇರುವ ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳದವರಿಗೆ ಮೊದಲ ತಿಂಗಳೇ ಬೇಸರವಾದೀತು.

ಏಕೆಂದರೆ ನವೆಂಬರಿನ ಕೊನೆಯಿಂದ ಬಂದ ಮೊದಲ ಮೂರು ಚೀಲಗಳಲ್ಲಿ ಇದ್ದದ್ದು ಬಹುಪಾಲು ಹರಿವೆ. ಅವರು ಬಿತ್ತಿದ್ದರಲ್ಲಿ ತಿಂಗಳೊಳಗೆ ಕೈಗೆ ಬರುವುದು ಅದೊಂದೇ. ಅಲಸಂಡೆ, ಬೆಂಡೆಗೆ ಇನ್ನೂ ಎರಡು ವಾರ ಬೇಕು, ಸೌತೆಗೆ ಎರಡು ತಿಂಗಳು. ಆದರೆ ಆ ಹರಿವೆಯನ್ನು ನಾನು ಮರೆಯಲಾರೆ. ಅದೇ ದಿನ ಬೆಳಿಗ್ಗೆ ಬೇರುಸಹಿತ ಕಿತ್ತು, ಮಣ್ಣು ಕೊಡವಿ ಕೊಟ್ಟ ಕೆಂಪು ಹರಿವೆಯ ದಂಟಿನಲ್ಲಿ ಒಂದೇ ಒಂದು ನಾರು ಸಿಗಲಿಲ್ಲ. ಡಿಸೆಂಬರಿನ ನಡುವಿನಿಂದ ಚೀಲದ ಬಣ್ಣವೇ ಬದಲಾಯಿತು: ಹಾಲುಬೆಂಡೆ, ಚಪ್ಪರದ ಬಸಳೆ, ಹೀರೆ, ಜನವರಿಯಲ್ಲಿ ಗುಳ್ಳ ಎಂಬ ಉರುಟು ಬದನೆ. ಗುಳ್ಳದ ವಿಷಯದಲ್ಲಿ ಈ ಹುಡುಗ ಹುಡುಗಿಯರ ಪ್ರಾಮಾಣಿಕತೆಯನ್ನು ಹೇಳಲೇಬೇಕು. ಒಂದು ಊರಿನ ಬೆಳೆಗಷ್ಟೇ ಅದರ ಹೆಸರನ್ನು ಮೀಸಲಿಡುವ ಭೌಗೋಳಿಕ ಸೂಚಕವನ್ನು (ಜಿಐ) 2011ರಲ್ಲಿ ಪಡೆದ ಮಟ್ಟು ಗುಳ್ಳದ ಹೆಸರಿಗೆ ಪೇಟೆಯಲ್ಲಿ ಬೆಲೆಯಿದ್ದರೂ, ತಮ್ಮ ಗದ್ದೆ ಮಟ್ಟುವಿನಲ್ಲಿಲ್ಲ ಎಂಬ ಕಾರಣಕ್ಕೆ ಅವರು ಚೀಟಿಯಲ್ಲಿ ಬರೆದದ್ದು ‘ಗುಳ್ಳ’ ಎಂದಷ್ಟೇ. ಕೊದ್ದೆಲಿಗೆ, ಅಂದರೆ ನಮ್ಮ ಕಡೆಯ ತೆಂಗಿನಕಾಯಿ ಹಾಕಿದ ಸಾಂಬಾರಿಗೆ, ಅದು ಬಹಳ ಚೆನ್ನಾಗಿ ಹೊಂದಿತು.

ಸೆಗಣಿ, ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಕಲಸಿದ ಜೀವಾಮೃತ ಮತ್ತು ಕಸಕಡ್ಡಿಯೊಂದಿಗೆ ಸುಟ್ಟ ಸುಡುಮಣ್ಣನ್ನು ಬಿಟ್ಟರೆ ಬೇರೆ ಗೊಬ್ಬರವಿಲ್ಲ. ಹಣ್ಣುನೊಣದಿಂದ ಉಳಿಸಲು ಎಳೆಯ ಹಾಗಲ, ಹೀರೆಗಳಿಗೆ ಒಂದೊಂದಾಗಿ ಕಾಗದದ ತೊಟ್ಟೆ ಕಟ್ಟಿದ್ದನ್ನು ಕಣ್ಣಾರೆ ಕಂಡೆ. ಹಾಗಿದ್ದೂ ನಾಲ್ಕಾರು ಕಾಯಿಗಳಲ್ಲಿ ಹುಳವಿತ್ತು. ನನಗೆ ಅದು ದೂರುವ ವಿಷಯವಾಗಿ ತೋರಲಿಲ್ಲ.

ದೂರು ಬೇರೆಯಿದೆ. ಪರೀಕ್ಷೆಯ ಎರಡು ವಾರಗಳಲ್ಲಿ ಗದ್ದೆಗೆ ಇಳಿಯುವವರೇ ಇರಲಿಲ್ಲ. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಅದು ಬಲಿತು ನಾರಾಗುತ್ತದೆ, ಅಲಸಂಡೆ ಬೀಜ ಕಟ್ಟಿ ಸಿಪ್ಪೆ ಬಿಗಿಯುತ್ತದೆ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂವೂ ಕಡಿಮೆಯಾಗುತ್ತದೆ. ಹಾಗಾಗಿ ಆ ಎರಡು ಚೀಲಗಳಷ್ಟೇ ಅಲ್ಲ, ನಂತರದ ಎರಡು ಚೀಲಗಳೂ ಸೊರಗಿದವು. ಪಾಲುದಾರರು ಮಳೆಯ ನಷ್ಟವನ್ನು ಹೊರಬೇಕೆಂಬುದು ನ್ಯಾಯ. ಆದರೆ ಪರೀಕ್ಷೆಯ ದಿನಾಂಕ ಮಳೆಯಂತಲ್ಲ, ಅದು ಮೊದಲೇ ತಿಳಿದಿರುತ್ತದೆ. ಆ ವಾರಗಳಿಗೆ ಮಂಗಳೂರು ಸೌತೆ, ಕುಂಬಳದಂತಹ, ಕೊಯ್ಲು ತಡವಾದರೂ ಕೆಡದ ಬೆಳೆಗಳು ಸಿಗುವಂತೆ ಬಿತ್ತನೆಯ ಲೆಕ್ಕ ಹಾಕಬಹುದು, ಅಥವಾ ಕೊಯ್ಲಿಗೆ ಪಾಲುದಾರರನ್ನೇ ಕರೆಯಬಹುದು. ಕರೆದರೆ ನಾನಂತೂ ಖಂಡಿತ ಹೋಗುತ್ತೇನೆ. ಕೊನೆಯ ವಾರದ ಸಭೆಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ವಾದಿಸದೆ, ಮುಂದಿನ ಸಾಲಿನ ಬಿತ್ತನೆ ಪಟ್ಟಿಯನ್ನು ತೆಗೆದು ನಮ್ಮೆದುರೇ ತಿದ್ದಿಕೊಂಡರು.

ಹಣದ ದೃಷ್ಟಿಯಿಂದ ನೋಡಿದರೆ ವಾರಕ್ಕೆ 250 ರೂಪಾಯಿ ಬೀಳುತ್ತದೆ. ಘಟ್ಟದ ಮೇಲಿನಿಂದ ಬರುವ ತರಕಾರಿಗೆ ಹೋಲಿಸಿದರೆ ಇದು ದುಬಾರಿ. ಅಂಗಡಿಯಲ್ಲಿ ‘ಊರಿನದ್ದು’ ಎಂದು ಪ್ರತ್ಯೇಕವಾಗಿಟ್ಟು ಮಾರುವ ಬೆಂಡೆ, ಅಲಸಂಡೆಗಳಿಗೆ ಹೋಲಿಸಿದರೆ ಹೆಚ್ಚಲ್ಲ. ಶನಿವಾರ ಸಂಜೆ ಗದ್ದೆಯ ಬದಿಗೇ ಹೋಗಿ ಚೀಲ ತರಬೇಕು, ಮನೆಗೆ ತಲುಪಿಸುವ ವ್ಯವಸ್ಥೆಯಿಲ್ಲ. ಹಿರಿಯರಷ್ಟೇ ಇರುವ ಮನೆಗಳಿಗೆ ಇದು ಕಷ್ಟ. ಇಬ್ಬರೇ ಇರುವ ಮನೆಯವರು ಅರ್ಧ ಪಾಲು ಕೇಳಿ ಪಡೆಯುವುದು ಒಳ್ಳೆಯದು, ಸೊಪ್ಪಿನ ವಾರಗಳಲ್ಲಿ ಪೂರ್ತಿ ಪಾಲು ಮುಗಿಯುವುದಿಲ್ಲ. ನಾಲ್ಕು ಜನರಿರುವ ನಮ್ಮ ಮನೆಗೆ ಮುಂದಿನ ಅಕ್ಟೋಬರಿನಲ್ಲೂ ಪೂರ್ತಿ ಪಾಲನ್ನೇ ಪಡೆಯುತ್ತೇನೆ.